ದಿಕ್ಕಿಲ್ಲದವರು ಕಾಬಾದ ದಿಕ್ಕಿಗೆ ನೋಡಿದಾಗ

ಹೇಮಗಿರಿಯ ದನಗಳ ಜಾತ್ರೆ ಅಂದರೆ ಕೃಷ್ಣರಾಜಪೇಟೆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಬೆಟ್ಟದಲ್ಲಿ ಕಲ್ಯಾಣ ವೆಂಕಟರಮಣ, ಕೆಳಗೆ ಹೇಮಾವತಿ, ನಡುವೆ ಗೂಟಕ್ಕೆ ಕಟ್ಟಿದ ಹಳ್ಳಿಕಾರ್ ಜೋಡಿಗಳು. ರಥಸಪ್ತಮಿಯ ಹಿಂದುಮುಂದಿನ ಆ ದಿನಗಳಲ್ಲಿ ಒಕ್ಕಲಿಗ, ಕುರುಬ, ಹೊಲೆಯ, ಮಾದಿಗ, ಸಾಬಿ ಎಲ್ಲರೂ ಒಂದೇ ದೂಳು ಕುಡಿಯುತ್ತಾರೆ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವಾಗ, ಟವಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವಾಗ ಯಾರಿಗೂ ಮೈಲಿಗೆಯ ನೆನಪಿರುವುದಿಲ್ಲ. ಅದು ವ್ಯಾಪಾರ ಮುಗಿದ ಮೇಲೆ ಬರುತ್ತದೆ.

ನಾವು ನಾಲ್ಕೈದು ಜನ ಗಾಡಿಯ ನೆರಳಲ್ಲಿ ಕೂತಿದ್ದೆವು. ನಮ್ಮ ಕೇರಿಯ ಒಬ್ಬ ಹುಡುಗ, ಕಾಲೇಜು ಓದಿದವನು, ಮೊಬೈಲು ಹಿಡಿದುಕೊಂಡು ಓಡಿಬಂದ. "ಅಣ್ಣಾ, ಇದ್ ಕೇಳ್ರಣ್ಣಾ. ಮೆಕ್ಕಾದಲ್ಲಿರೋದು ನಮ್ಮ ಶಿವನ ಗುಡಿಯಂತೆ. ಒಳಗಡೆ ಲಿಂಗ ಐತಂತೆ. ಅದ್ಕೇ ಸಾಬ್ರು ಬೇರೆಯೋರ್ನ ಒಳಕ್ಕೆ ಬುಡಾಕಿಲ್ವಂತೆ."

"ನಮ್ಮ ಶಿವನ ಗುಡಿ ಅಂದ್ಯಲ್ಲಪ್ಪ, ನಿಮ್ಮೂರ ಶಿವನ ಗುಡಿಯೊಳಕ್ಕೆ ನೀನು ಎಷ್ಟು ಸಲ ಹೋಗಿದ್ದೀಯ?" ಅಂತ ನಮ್ಮಲ್ಲೊಬ್ಬರು ಕೇಳಿದರು.

ಹುಡುಗ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಅಲ್ಲಿಗೆ ಮಾತು ಮುಗಿಯಬಹುದಿತ್ತು. ಆದರೆ ಈ ಸುಳ್ಳು ಅವನೊಬ್ಬನ ಜೇಬಿನಲ್ಲಿಲ್ಲ. ಪಿ.ಎನ್. ಓಕ್ ಎಂಬ ಮಹಾಶಯ ಬರೆದು ಹೋದ ಈ ಕಟ್ಟುಕತೆಗೆ ಒಂದು ಶಾಸನವಿಲ್ಲ, ಒಂದು ಉತ್ಖನನದ ಸಾಕ್ಷಿಯಿಲ್ಲ, ಅರಬ್ಬಿ ಬಲ್ಲ ಒಬ್ಬ ಚರಿತ್ರೆಕಾರನ ಬೆಂಬಲವಿಲ್ಲ. ಆದರೂ ಅದು ಕೇರಿ ಕೇರಿ ಸುತ್ತುತ್ತಿದೆ. ಯಾಕೆ ಸುತ್ತುತ್ತಿದೆ ಎಂಬುದು ನಮ್ಮ ಪ್ರಶ್ನೆ. ಊರ ಗುಡಿಯ ಹೊಸಲು ದಾಟಿಸದವರು ನಮ್ಮ ಹುಡುಗರಿಗೆ ಸಾವಿರಾರು ಮೈಲಿ ದೂರದ ಮರಳುಗಾಡಿನಲ್ಲಿ ಒಂದು ಗುಡಿಯ ಹಕ್ಕುಪತ್ರ ಕೊಡುತ್ತಿದ್ದಾರೆ. ಕೈಗೆ ಸಿಗದ ಆಸ್ತಿಗೆ ಕಾಸು ಖರ್ಚಾಗುವುದಿಲ್ಲ ನೋಡಿ!

ಇನ್ನೊಂದು ಮಾತು ಯೋಚಿಸಿ. ಅದು ನಿಜವಾಗಿಯೂ ಈ ಪುರೋಹಿತರ ಕೈಯಲ್ಲಿದ್ದ ಶಿವನ ಗುಡಿಯಾಗಿದ್ದಿದ್ದರೆ ಬಿಲಾಲ್ ಎಂಬ ಕರಿಯ ಗುಲಾಮ ಅದರ ನೆತ್ತಿಯ ಮೇಲೆ ಹತ್ತುವುದಿರಲಿ, ಅದರ ನೆರಳು ಬೀಳುವ ಬೀದಿಯಲ್ಲೂ ನಡೆಯುತ್ತಿರಲಿಲ್ಲ.

ಬಿಲಾಲನ ವಿಷಯಕ್ಕೆ ಬರುತ್ತೇವೆ. ಮೊದಲು ಕಾಬಾ ಅಂದರೇನು ಎಂಬುದನ್ನು ಹೇಳಿಬಿಡಬೇಕು. ನಮ್ಮ ಮೇಷ್ಟರುಗಳೂ ಪಾಠದಲ್ಲಿ 'ಮುಸಲ್ಮಾನರ ಪವಿತ್ರ ಕ್ಷೇತ್ರ' ಎಂದು ಒಂದು ಸಾಲು ಓದಿ ಮುಂದಕ್ಕೆ ಹೋಗಿಬಿಡುತ್ತಾರೆ. ಕಾಬಾ ಒಂದು ಕಲ್ಲಿನ ಮನೆ. ಹೆಚ್ಚುಕಡಿಮೆ ಚೌಕ, 13 ಮೀಟರಿನಷ್ಟು ಎತ್ತರ, ಮೇಲೆ ಕರಿಯ ರೇಷ್ಮೆ ಹೊದಿಕೆ. ಒಳಗೆ ಏನಿದೆ? ಮೂರು ಮರದ ಕಂಬ, ತೂಗುಹಾಕಿದ ದೀಪಗಳು. ಅಷ್ಟೇ. ವಿಗ್ರಹವಿಲ್ಲ, ಗರ್ಭಗುಡಿಯಿಲ್ಲ, ಮಂಗಳಾರತಿ ತಟ್ಟೆಯಿಲ್ಲ, ತಟ್ಟೆಗೆ ಕಾಸು ಹಾಕದವನನ್ನು ದುರುಗುಟ್ಟಿ ನೋಡುವ ಅರ್ಚಕನಿಲ್ಲ. ಪ್ರವಾದಿ ಇಬ್ರಾಹಿಂ ಮತ್ತು ಮಗ ಇಸ್ಮಾಯಿಲ್ ಸೇರಿ ಒಬ್ಬನೇ ದೇವರ ಹೆಸರಲ್ಲಿ ಗೋಡೆ ಎತ್ತಿದರೆಂಬುದು ಮುಸಲ್ಮಾನರ ನಂಬಿಕೆ. ದೇವರು ಅದರೊಳಗೆ ವಾಸ ಮಾಡುತ್ತಾನೆಂದು ಅವರು ನಂಬುವುದಿಲ್ಲ. 'ಅವರೂ ಕಲ್ಲು ಪೂಜೆ ಮಾಡ್ತಾರಲ್ಲ' ಎನ್ನುವ ಬುದ್ಧಿವಂತರಿಗೆ ಎರಡನೆಯ ಖಲೀಫ ಉಮರ್ ಎಂದೋ ಉತ್ತರ ಕೊಟ್ಟಿದ್ದಾರೆ. ಮೂಲೆಯ ಕರಿಕಲ್ಲಿಗೆ ಮುತ್ತಿಡುವಾಗ, ನೀನೊಂದು ಕಲ್ಲು, ನಿನ್ನಿಂದ ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ, ಪ್ರವಾದಿ ಮುತ್ತಿಟ್ಟದ್ದನ್ನು ಕಂಡಿದ್ದೇನೆಂದು ನಾನೂ ಇಡುತ್ತಿದ್ದೇನೆ ಎಂಬ ಅರ್ಥದ ಮಾತನ್ನು ಅವರು ಕಲ್ಲಿಗೇ ಹೇಳಿದರೆಂದು ಅವರ ಪರಂಪರೆ ದಾಖಲಿಸಿದೆ.

ಹಾಗಾದರೆ ಕಾಬಾ ಏನು? ಅದೊಂದು ದಿಕ್ಕು. ಕಿಬ್ಲಾ. ಮೊದಮೊದಲು ಮುಸಲ್ಮಾನರು ಜೆರುಸಲೇಮಿನ ಕಡೆಗೆ ಮುಖ ಮಾಡಿ ನಮಾಜು ಮಾಡುತ್ತಿದ್ದರು. 624ರಲ್ಲಿ ಅದು ಮೆಕ್ಕಾದ ಕಡೆಗೆ ತಿರುಗಿತು. ಆಗ ದೊಡ್ಡ ಗದ್ದಲವೆದ್ದಿತು. ಮೂಡಲಕ್ಕೋ ಪಡುವಲಕ್ಕೋ ಮುಖ ತಿರುಗಿಸಿದ್ದೇ ಪುಣ್ಯವಲ್ಲ, ಅನಾಥರಿಗೆ ಬಡವರಿಗೆ ದಾರಿಹೋಕರಿಗೆ ಕೊಡುವುದು, ಗುಲಾಮರನ್ನು ಬಿಡಿಸುವುದು ಪುಣ್ಯ ಎಂಬುದು ಕುರಾನಿನ ಸಾರ. ದಿಕ್ಕನ್ನು ಕೊಟ್ಟ ಧರ್ಮವೇ ದಿಕ್ಕಿನ ಹುಚ್ಚು ಹಿಡಿಯಬೇಡಿ ಅಂತಲೂ ಹೇಳಿತು.

ಕನ್ನಡದಲ್ಲಿ ದಿಕ್ಕು ಅಂದರೆ ಬರಿಯ ಮೂಡಲು ಪಡುವಲಲ್ಲ. ಆಸರೆ ಇಲ್ಲದವನನ್ನು ದಿಕ್ಕಿಲ್ಲದವನು ಅನ್ನುತ್ತೇವೆ. ಈ ದೇಶದಲ್ಲಿ ನಮಗೆ ದಿಕ್ಕು ಗೊತ್ತುಮಾಡಿದವರು ಬೇರೆಯವರು. ಕೇರಿಯ ಗಾಳಿ ಊರ ಮೇಲೆ ಬೀಸಬಾರದು ಅಂತ ಲೆಕ್ಕ ಹಾಕಿ ನಮ್ಮ ಗುಡಿಸಲುಗಳ ದಿಕ್ಕು ನಿಶ್ಚಯಿಸಿದರು. ಸಿಂಗಪುರದ ಮುಸಲ್ಮಾನ ಪಡುವಲಕ್ಕೆ ತಿರುಗುತ್ತಾನೆ, ಮೊರಾಕ್ಕೋದವನು ಮೂಡಲಕ್ಕೆ, ಎಲ್ಲ ಗೆರೆಗಳೂ ಒಂದೇ ಕಡೆ ಹೋಗಿ ಕೂಡುತ್ತವೆ. ನಮ್ಮ ಸೀಮೆಯಲ್ಲಿ ನಾಲ್ಕು ಹೆಜ್ಜೆ ದೂರದ ಊರು ಮತ್ತು ಕೇರಿ ಎಲ್ಲಿ ಕೂಡುತ್ತವೆ? ಸ್ಮಶಾನದಲ್ಲೂ ಇಲ್ಲ ಸ್ವಾಮಿ.

ಇಸ್ಲಾಂ ಬರುವ ಮುಂಚೆಯೂ ಕಾಬಾ ಇತ್ತು. ಅದರ ಸುತ್ತ ವಿಗ್ರಹಗಳಿದ್ದವು, ಕುರೈಷ್ ಎಂಬ ಕುಲದ ಯಜಮಾನಿಕೆಯಿತ್ತು. ಈ ಕುರೈಷರ ಕತೆ ಕೇಳಿದರೆ ನಿಮಗೆ ನಿಮ್ಮೂರಿನ ಪಟೇಲರು ಶಾನುಭೋಗರು ನೆನಪಾಗುತ್ತಾರೆ. ಯಾತ್ರೆಗೆ ಬಂದ ಉಳಿದ ಜನವೆಲ್ಲ ಅರಫಾತ್ ಬಯಲಿಗೆ ಹೋಗಿ ನಿಲ್ಲಬೇಕು, ಇವರು ಮಾತ್ರ ಹೋಗುವುದಿಲ್ಲ. ನಾವು ದೇವರ ಮನೆಯ ಮಂದಿ, ಸಾಮಾನ್ಯರ ಜೊತೆ ನಿಲ್ಲೋದುಂಟೇ ಅಂತ ಇತ್ತಲೇ ಮುಜ್ದಲಿಫಾದಲ್ಲಿ ನಿಂತುಬಿಡುತ್ತಿದ್ದರು. ಹೊರಗಿನವರು ಪ್ರದಕ್ಷಿಣೆ ಹಾಕಬೇಕಾದರೆ ಕುರೈಷರಿಂದ ಬಟ್ಟೆ ಪಡೆಯಬೇಕು, ಇಲ್ಲದವರು ಬೆತ್ತಲೆ ಸುತ್ತಬೇಕು! ಹಜ್ಜಿನ ಈ ಮಡಿವಂತಿಕೆಯನ್ನು ಇಸ್ಲಾಂ ಮುರಿಯಿತು. ಎಲ್ಲರೂ ಒಂದೇ ಬಯಲಿಗೆ ಹೋಗಬೇಕು. ಗಂಡಸರಿಗೆಲ್ಲ ಹೊಲಿಗೆಯಿಲ್ಲದ ಎರಡು ಬಿಳಿ ತುಂಡು ಬಟ್ಟೆ, ರಾಜನಿಗೂ ಅದೇ ಕೂಲಿಗೂ ಅದೇ. 632ರಲ್ಲಿ ಪ್ರವಾದಿ ತಮ್ಮ ಕೊನೆಯ ಹಜ್ಜಿನಲ್ಲಿ, ಅರಬನು ಅರಬನಲ್ಲದವನಿಗಿಂತ ಮೇಲಲ್ಲ, ಬಿಳಿಯನು ಕರಿಯನಿಗಿಂತ ಮೇಲಲ್ಲ ಎಂದು ಸಾರಿದರೆಂದು ಮುಸಲ್ಮಾನರು ಇವತ್ತಿಗೂ ನೆನೆಯುತ್ತಾರೆ.

ಇನ್ನು ಬಿಲಾಲ್. ಅಬಿಸೀನಿಯಾ ಮೂಲದ ಗುಲಾಮ. ಯಜಮಾನ ಅವನನ್ನು ಕಾದ ಮರಳ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿದ್ದ. 630ರಲ್ಲಿ ಮೆಕ್ಕಾ ಕೈವಶವಾದ ದಿನ ಪ್ರವಾದಿ ಆ ಬಿಲಾಲನಿಗೆ ಕಾಬಾದ ಮೇಲೆ ಹತ್ತಿ ಬಾಂಗು ಕೂಗಲು ಹೇಳಿದರು. ಕುಲೀನ ಕುರೈಷರು ಕೆಳಗೆ ನಿಂತು ಮೂಗು ಮುರಿದರಂತೆ. ಈ ಚಿತ್ರವನ್ನು ಒಂದು ಗಳಿಗೆ ಕಣ್ಣು ಮುಚ್ಚಿ ನಮ್ಮೂರಿಗೆ ತಂದು ನೋಡಿ. ತೇರಿನ ದಿನ, ಗೋಪುರದ ತುದಿಯಲ್ಲಿ, ನಮ್ಮ ತಮಟೆಯ ಮುದುಕ! ಕೆಳಗೆ ಎಷ್ಟು ಜನ ಉಳಿದಾರು?

ಲೆಕ್ಕಕ್ಕೆ ನಮ್ಮ ಜಿಲ್ಲೆಯದೇ ಇದೆ. 2024ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕು ಹನಕೆರೆಯ ಕಾಲಭೈರವೇಶ್ವರ ಗುಡಿಗೆ ಪೊಲೀಸರ, ಅಧಿಕಾರಿಗಳ ಕಾವಲಿನಲ್ಲಿ ದಲಿತರು ಕಾಲಿಟ್ಟರು. ಮೇಲ್ಜಾತಿಯ ಕೆಲವರು ಏನು ಮಾಡಿದರು? ಗುಡಿ ಬೇಕಾದರೆ ನಿಮಗಿರಲಿ ಎನ್ನುವಂತೆ ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಹೊರಟರು. ದೇವರು ಊರು ಬಿಟ್ಟು ಹೋಗುವುದನ್ನು ಪುರಾಣದಲ್ಲಿ ಓದಿದ್ದೆವು, ಪತ್ರಿಕೆಯಲ್ಲಿ ಓದಿದ್ದು ಆವಾಗಲೇ. ಈ ಹನಕೆರೆಯ ಸುದ್ದಿಯನ್ನು ಯಾವ ಧರ್ಮರಕ್ಷಕನೂ ನಮ್ಮ ಹುಡುಗನ ಮೊಬೈಲಿಗೆ ಕಳಿಸಲಿಲ್ಲ. ಮೆಕ್ಕಾದ ಲಿಂಗ ಮಾತ್ರ ಬಂತು.

ಗಾಡಿಯ ನೆರಳಿಗೆ ಅಷ್ಟರಲ್ಲಿ ಒಬ್ಬ ಮುದುಕರು ಬಂದು ಕೂತರು. ದನದ ವ್ಯಾಪಾರಿ, ಹಜ್ಜಿಗೆ ಹೋಗಿಬಂದವರು. ನಮ್ಮ ಮಾತು ಅರ್ಧ ಕೇಳಿಸಿಕೊಂಡಿದ್ದರು. "ಅದೆಲ್ಲ ಬುಡಿ, ನಾನು ನೋಡ್ಬಂದಿದ್ದು ಹೇಳ್ತೀನಿ" ಅಂದರು. ಅವರು ಕಾಬಾದ ವೈಭವ ಹೇಳಲಿಲ್ಲ. ಹಾಜಿರಾಳ ಕತೆ ಹೇಳಿದರು.

ಹಾಜಿರಾ ಒಬ್ಬ ದಾಸಿ, ಈಜಿಪ್ಟಿನವಳು. ಇಬ್ರಾಹಿಮರಿಂದ ಮಗನನ್ನು ಹೆತ್ತವಳು. ಹಸುಗೂಸಿನ ಜೊತೆ ಅವಳನ್ನು ತಂದು ನೀರಿಲ್ಲದ ಆ ಕಣಿವೆಯಲ್ಲಿ ಬಿಟ್ಟರು. ದೇವರ ಅಪ್ಪಣೆ ಅಂತ ಅವರು ಹೇಳುತ್ತಾರೆ. ಅದನ್ನು ನಾವು ನಮ್ಮ ಲೆಕ್ಕದಲ್ಲೇ ಕೇಳಿಸಿಕೊಂಡೆವು, ಅಪ್ಪಣೆಗಳೆಲ್ಲ ಯಾರ ಹೊಟ್ಟೆಯ ಮೇಲೆ ಬರುತ್ತವೆ ಅಂತ ಗೊತ್ತಿರುವವರು ನಾವು. ತೊಗಲ ಚೀಲದ ನೀರು ಮುಗಿಯಿತು. ಮಗು ಒದ್ದಾಡತೊಡಗಿತು. ಅವಳು ಸಫಾ ಗುಡ್ಡ ಹತ್ತಿ ನೋಡಿದಳು, ಯಾರೂ ಇಲ್ಲ. ಇಳಿದು ಓಡಿ ಮರ್ವಾ ಗುಡ್ಡ ಹತ್ತಿದಳು, ಯಾರೂ ಇಲ್ಲ. ಹೀಗೆ ಏಳು ಸಲ. ಕೊನೆಗೆ ಮಗುವಿನ ಬಳಿ ನೆಲದಿಂದ ನೀರು ಚಿಮ್ಮಿತು. ಅದೇ ಜಮ್ ಜಮ್. ಇವತ್ತಿಗೂ ಹಜ್ಜಿಗೆ ಹೋದ ಪ್ರತಿಯೊಬ್ಬರೂ, ಬಾದಶಹನಾದರೂ ಸರಿ, ಆ ದಾಸಿ ಹೆಜ್ಜೆಯಿಟ್ಟ ದಾರಿಯಲ್ಲಿ ಏಳು ಸಲ ನಡೆಯಲೇಬೇಕು. ಒಟ್ಟು ಮೂರು ಕಿಲೋಮೀಟರಿಗೂ ಮೇಲಾಗುತ್ತದೆ. ಅವಳನ್ನು ಮಣ್ಣು ಮಾಡಿದ್ದು ಕಾಬಾಕ್ಕೆ ಅಂಟಿಕೊಂಡ ಅರೆಚಂದ್ರದ ಗೋಡೆಯೊಳಗೆ ಅಂತ ಅವರಲ್ಲಿ ಹಿಂದಿನಿಂದ ಬಂದ ಮಾತಿದೆ. ಪ್ರದಕ್ಷಿಣೆ ಹಾಕುವವರು ಆ ಗೋಡೆಯನ್ನೂ ಸೇರಿಸಿಕೊಂಡೇ ಸುತ್ತಬೇಕು.

ನಮ್ಮ ಜೊತೆಗಿದ್ದ ಅಮ್ಮ ಒಬ್ಬರು ಸೆರಗಲ್ಲಿ ಕಣ್ಣೊರೆಸಿಕೊಂಡರು. ಅವರು ಊರ ಬಾವಿಯ ಕಟ್ಟೆಯಿಂದ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಕೊಡಕ್ಕೆ ನೀರು ಹುಯ್ಯಲಿ ಅಂತ ಕಾದು ಕಾದು ಬೆಳೆದವರು. ಅವರಿಗೆ ಹಾಜಿರಾ ಯಾರು ಅಂತ ಟಿಪ್ಪಣಿ ಬೇಕಾಗಲಿಲ್ಲ. ನೀರಿಗಾಗಿ ಓಡಿದ ದಾಸಿಯ ಹೆಜ್ಜೆಯನ್ನೇ ಕಟ್ಟಳೆ ಮಾಡಿದ ಧರ್ಮ ಒಂದಿದೆ ಅಂತ ಅವರಿಗೆ ಅವತ್ತು ಗೊತ್ತಾಯಿತು. ಅವರು ಎದ್ದು ತಮ್ಮ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿ ಹಾಜಿ ಸಾಬರಿಗೆ ಕೊಟ್ಟರು. "ಕುಡೀರಪ್ಪಾ, ಗಂಟಲೊಣಗಿದ್ದಾತು."

ಹಾಜಿ ಸಾಬರ ಕೈ ಒಂದು ಗಳಿಗೆ ನಿಂತಿತು.

ಬರಿಯ ಒಂದು ಗಳಿಗೆ. ಆಮೇಲೆ ಇಸಿದುಕೊಂಡು ಕುಡಿದರು, ಪೂರ್ತಿ ಕುಡಿದರು, ಇನ್ನೊಂದು ಲೋಟ ಕೇಳಿ ಕುಡಿದರು. ಆದರೆ ಆ ಒಂದು ಗಳಿಗೆಯನ್ನು ನಾವೆಲ್ಲ ನೋಡಿದೆವು. ಅದನ್ನು ನೋಡಲಿಲ್ಲ ಅಂತ ಬರೆದರೆ ಈ ಪತ್ರಿಕೆ ಸುಳ್ಳಿನ ಪತ್ರಿಕೆಯಾಗುತ್ತದೆ.

ಬಾಬಾಸಾಹೇಬರು ಇದನ್ನು ಕಂಡುಂಡವರು. 1934ರಲ್ಲಿ ಅವರು ಸಂಗಡಿಗರ ಜೊತೆ ದೌಲತಾಬಾದಿನ ಕೋಟೆ ನೋಡಲು ಹೋದರು. ಬಾಗಿಲ ಬಳಿಯ ಕೊಳದ ನೀರಲ್ಲಿ ದೂಳು ಹಿಡಿದ ಮುಖ, ಕಾಲು ತೊಳೆದುಕೊಂಡರು. ಅದು ರಂಜಾನ್ ತಿಂಗಳು. ಮುದುಕನೊಬ್ಬ, ಮುಸಲ್ಮಾನ, ಹೊಲೆಯರು ಕೊಳ ಮೈಲಿಗೆ ಮಾಡಿದರು ಅಂತ ಕೂಗಾಡುತ್ತ ಬಂದ. ಜನ ಸೇರಿತು. ನಿಮ್ಮ ಧರ್ಮ ಹೇಳಿಕೊಟ್ಟಿದ್ದು ಇದನ್ನೇಯೇ, ನಾಳೆ ಇವರೇ ಮುಸಲ್ಮಾನರಾದರೆ ನೀರು ಮುಟ್ಟಬೇಡಿ ಅನ್ನುತ್ತೀರಾ ಅಂತ ಬಾಬಾಸಾಹೇಬರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ ಮನುಷ್ಯನಿಗೆ ಏಳು ವರ್ಷದ ಮೇಲೆ ಇನ್ನೊಂದು ಧರ್ಮದವರ ಕೊಳದ ಬಳಿ ಸಿಕ್ಕ ಸನ್ಮಾನ ಇದು.

ಆದ್ದರಿಂದ ಮುಸಲ್ಮಾನ ಗೆಳೆಯರೇ, ನಿಮ್ಮ ಪರವಾಗಿ ಬರೆಯುತ್ತಿದ್ದೇವೆಂದು ನೀವು ಎದೆಯುಬ್ಬಿಸಬೇಡಿ. ಬಿಲಾಲನ ಕತೆಯನ್ನು ಶುಕ್ರವಾರ ಶುಕ್ರವಾರ ಹೇಳುವವರು ಪಿಂಜಾರರ ಮನೆಗೆ ಹೆಣ್ಣು ಕೊಡುತ್ತೀರಾ? ಅಶ್ರಫ್ ಅಂತ, ಅಜ್ಲಫ್ ಅಂತ ನಿಮ್ಮೊಳಗೇ ಮೆಟ್ಟಿಲು ಕಟ್ಟಿಕೊಂಡಿದ್ದನ್ನು ಬಾಬಾಸಾಹೇಬರು ತಮ್ಮ ಪಾಕಿಸ್ತಾನ ಕುರಿತ ಪುಸ್ತಕದಲ್ಲೇ ಬಯಲು ಮಾಡಿದ್ದಾರೆ. ಇವತ್ತು ಪಸ್ಮಾಂದಾ ಅಂತ ಕರೆದುಕೊಳ್ಳುವ ನಿಮ್ಮದೇ ಹಿಂದುಳಿದವರು ಅದನ್ನೇ ಕೇಳುತ್ತಿದ್ದಾರೆ. ಹಾಜಿರಾ ಓಡಿದಳು, ಅವಳು ಹೆಂಗಸು. ಈಗ ಅದೇ ದಾರಿಯಲ್ಲಿ ಹಸಿರು ದೀಪದ ನಡುವೆ ಗಂಡಸರು ಮಾತ್ರ ಓಡಬೇಕು, ಹೆಂಗಸರು ನಡೆಯಬೇಕು ಅನ್ನುತ್ತೀರಿ! ಕಾಬಾದ ಬೀಗದಕೈ ಅವತ್ತಿಂದ ಇವತ್ತಿನವರೆಗೆ ಒಂದೇ ಮನೆತನದಲ್ಲಿದೆ. ಬಿಲಾಲ್ ಬಾಂಗು ಕೂಗಿದ ಆ ಸೀಮೆಯಲ್ಲಿ ಗುಲಾಮಗಿರಿಗೆ ಕಾನೂನಿನ ಕೊನೆ ಬಿದ್ದಿದ್ದು 1962ರಲ್ಲಿ.

ಮೆಕ್ಕಾವನ್ನು ಇವತ್ತು ಯಾರು ಆಳುತ್ತಿದ್ದಾರೆ? ಎಣ್ಣೆಯ ದುಡ್ಡು. ಕಾಬಾದ ಪಕ್ಕದ ಗುಡ್ಡದ ಮೇಲಿದ್ದ ತುರ್ಕರ ಕಾಲದ ಕೋಟೆಯನ್ನು 2002ರಲ್ಲಿ ಕೆಡವಿ, 601 ಮೀಟರ್ ಎತ್ತರದ ಗಡಿಯಾರದ ಗೋಪುರ ಎಬ್ಬಿಸಿದರು. ಅದರ ತುಂಬ ಹೋಟೆಲು, ಅಂಗಡಿ. ಬಟ್ಟೆ ಎರಡು ತುಂಡೇ, ಸಮಾನತೆಯೇ. ಆದರೆ ಒಬ್ಬ ಆ ತಂಪಿನ ಕೋಣೆಯ ಕಿಟಕಿಯಿಂದ ಕಾಬಾ ನೋಡುತ್ತಾನೆ, ಇನ್ನೊಬ್ಬ ಬಿಸಿಲಲ್ಲಿ ಬೀಳುತ್ತಾನೆ. 2024ರ ಹಜ್ಜಿನಲ್ಲಿ ಬಿಸಿಲಿಗೆ 1,301 ಜನ ಸತ್ತರು ಅಂತ ಸೌದಿ ಸರ್ಕಾರವೇ ಹೇಳಿತು. ಅದರಲ್ಲಿ ನೂರಕ್ಕೆ 83 ಮಂದಿ ಪರವಾನಗಿ ಇಲ್ಲದೆ ಬಂದವರು. ಪರವಾನಗಿಗೆ ಕಾಸಿದ್ದವನಿಗೆ ಡೇರೆಯ ನೆರಳು ಸಿಕ್ಕಿತು. ಇದನ್ನು ಖಂಡಿಸಿ ಎಷ್ಟು ಮಸೀದಿಗಳಲ್ಲಿ ಮಾತಾಡಿದಿರಿ?

ಮೆಕ್ಕಾದೊಳಗೆ ಬೇರೆ ಧರ್ಮದವರನ್ನು ಬಿಡುವುದಿಲ್ಲವಲ್ಲ, ಅದೂ ಅಸ್ಪೃಶ್ಯತೆಯೇ ತಾನೇ ಅಂತ ನಮ್ಮ ಹುಡುಗ ಮತ್ತೆ ಕೆಣಕಿದ. ಪ್ರಶ್ನೆ ನ್ಯಾಯವಾದದ್ದೇ. ಯಾವ ಗೋಡೆಯೂ ನಮಗೆ ಇಷ್ಟವಿಲ್ಲ. ಆದರೆ ಆ ಗೋಡೆ ನಂಬಿಕೆಯದು. ಕಲಿಮಾ ಹೇಳಿದರೆ ಹೊಲೆಯನಿಗೂ ಬಾಗಿಲು ತೆರೆಯುತ್ತದೆ. ಇಲ್ಲಿಯ ಗೋಡೆ ಹುಟ್ಟಿನದು. ಯಾವ ಮಂತ್ರ ಹೇಳಿದರೆ ಇದು ತೆರೆಯುತ್ತದೆ, ಹೇಳಿ? 1964ರಲ್ಲಿ ಅಮೆರಿಕದ ಕಪ್ಪು ನಾಯಕ ಮಾಲ್ಕಂ ಎಕ್ಸ್ ಹಜ್ಜಿಗೆ ಹೋದಾಗ ನೀಲಿಗಣ್ಣಿನ ಬಿಳಿಯರ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆರಗಾಗಿ ಊರಿಗೆ ಕಾಗದ ಬರೆದ. 1981ರಲ್ಲಿ ತಮಿಳುನಾಡಿನ ಮೀನಾಕ್ಷಿಪುರದ ನೂರಕ್ಕೂ ಹೆಚ್ಚು ದಲಿತ ಮನೆಗಳವರು ಇಸ್ಲಾಮಿಗೆ ಸೇರಿದಾಗ ದಿಲ್ಲಿಯವರೆಗೂ ನಡುಕ ಹತ್ತಿತು. ಅವರು ಯಾಕೆ ಹೋದರು ಅಂತ ಕೇಳಿದವರಿಗಿಂತ ಯಾರ ದುಡ್ಡಿಗೆ ಹೋದರು ಅಂತ ಕೇಳಿದವರೇ ಹೆಚ್ಚು. ಹೋದವನಿಗೆ ಸರ್ಕಾರದ ಶಿಕ್ಷೆಯೂ ಇದೆ: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಮುಸಲ್ಮಾನನಾದ ಹೊಲೆಯ ಪರಿಶಿಷ್ಟ ಜಾತಿಯವನಲ್ಲ. ಸಿಖ್ಖರನ್ನು 1956ರಲ್ಲಿ ಸೇರಿಸಿದರು, ಬೌದ್ಧರನ್ನು 1990ರಲ್ಲಿ. ದೇವರು ಬದಲಾಯಿಸಿದವನ ಬಡತನ ಮಾತ್ರ ಬದಲಾಗುವುದಿಲ್ಲ. ಮತಾಂತರವಾಗಿ ಅಂತ ನಾವು ಇಲ್ಲಿ ಯಾರಿಗೂ ಹೇಳುತ್ತಿಲ್ಲ. ಬಾಬಾಸಾಹೇಬರು ನಮಗೆ ಬುದ್ಧನ ದಾರಿ ತೋರಿಸಿದ್ದಾರೆ.

ನಾವು ಕೇಳುವುದು ನಮ್ಮ ಹುಡುಗರನ್ನು. ಸಾಬರು ನಮ್ಮ ತೆರಿಗೆ ದುಡ್ಡಲ್ಲಿ ಹಜ್ಜಿಗೆ ಹೋಗುತ್ತಾರೆ ಅಂತ ನಿಮಗೆ ಹೇಳಿಕೊಟ್ಟರು. ಆ ಸಬ್ಸಿಡಿ ವಿಮಾನದ ಟಿಕೀಟಿನ ರೂಪದಲ್ಲಿ ವಿಮಾನದ ಕಂಪನಿಗೆ ಹೋಗುತ್ತಿತ್ತು, ಅದನ್ನು ನಿಲ್ಲಿಸಿ ಅಂತ ಸುಪ್ರೀಂ ಕೋರ್ಟು 2012ರಲ್ಲೇ ಹೇಳಿತ್ತು, 2018ರಲ್ಲಿ ನಿಂತೂ ಹೋಯಿತು ಅಂತ ಹೇಳಿಕೊಟ್ಟರೇ? ಶಕ್ತಿಯಿಲ್ಲದವನಿಗೆ ಹಜ್ಜು ಕಡ್ಡಾಯವೇ ಅಲ್ಲ. ಹರಕೆ ತೀರಿಸಲು ಬಡ್ಡಿಗೆ ಸಾಲ ಮಾಡಿ ಮನೆ ಹರಾಜಾದವರು ನಮ್ಮ ಕೇರಿಯಲ್ಲಿದ್ದಾರೆ, ಅವರಿಗೆ ಯಾರು ಕಡ್ಡಾಯ ಮಾಡಿದರು?

ಪಕ್ಕದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೋಗಿ ನೋಡಿ. ಚೆಲುವನಾರಾಯಣನ ಹಿಂದೆ ಬಂದ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ಅಲ್ಲಿ ದೇವರ ಪಾದದಲ್ಲಿದ್ದಾಳೆ. ರಾಮಾನುಜರು ನಮ್ಮವರಿಗೆ ತಿರುಕುಲದವರು ಅಂತ ಹೆಸರು ಕೊಟ್ಟು ವರ್ಷಕ್ಕೆ ಮೂರು ದಿನ ಒಳಗೆ ಬಿಡಿಸಿದರು ಎಂಬ ಐತಿಹ್ಯವೂ ಅಲ್ಲಿಯದೇ. ಮೂರು ದಿನ ಒಳಗೆ, ಉಳಿದ ದಿನ ಹೊರಗೆ. ಸಾಬರ ಹುಡುಗಿ ವಿಗ್ರಹವಾದರೆ ಗರ್ಭಗುಡಿಗೆ ಆಗುತ್ತಾಳೆ. ಬಳೆ ಮಾರುವ ಸಾಬಿ ಮಾತ್ರ 2022ರಲ್ಲಿ ಕರಾವಳಿಯಿಂದ ಶುರುವಾಗಿ ಜಾತ್ರೆ ಜಾತ್ರೆಗೂ ಬೇಡವಾದ. ಅದೇ ವರ್ಷದ ಕೊನೆಗೆ ಮೇಲುಕೋಟೆಯ ಸಲಾಂ ಆರತಿಯ ಹೆಸರಿನಿಂದ ಸಲಾಮನ್ನು ಕಿತ್ತು ನಮಸ್ಕಾರ ಅಂಟಿಸಿದರು. ನಾಗಮಂಗಲದಲ್ಲಿ 2024ರ ಸೆಪ್ಟೆಂಬರಿನಲ್ಲಿ ಗಣಪತಿ ಮೆರವಣಿಗೆಯ ರಾತ್ರಿ ಅಂಗಡಿಗಳು ಉರಿದವು. ಇಂಥ ರಾತ್ರಿಗಳು ಕಳೆದ ಮೇಲೆ ಕೋರ್ಟಿಗೆ ಅಲೆಯುವವರು ಯಾರು, ಭಾಷಣ ಮಾಡಿ ಕಾರು ಹತ್ತಿದವರು ಯಾರು ಅಂತ ಕೇರಿಯ ತಾಯಂದಿರನ್ನು ಕೇಳಿ.

ಸಂಜೆಯಾಯಿತು. ಹಾಜಿ ಸಾಬರು ಕೊಂಡ ಜೋಡಿಯನ್ನು ಟೆಂಪೋಗೆ ಹತ್ತಿಸಿದರು. ಉಳುವ ಎತ್ತುಗಳೇ, ಕೊಂಡ ಚೀಟಿ ಜೇಬಲ್ಲೇ ಇತ್ತು. ಆದರೂ ಮುದುಕರು ಹೊರಡದೆ ನಿಂತಿದ್ದರು. 2020ರ ಗೋಹತ್ಯೆ ಕಾಯ್ದೆ ಬಂದಮೇಲೆ ಹೆದ್ದಾರಿಯಲ್ಲಿ ಚೀಟಿ ನೋಡುವವರು ಪೊಲೀಸರೊಬ್ಬರೇ ಅಲ್ಲ. 2023ರಲ್ಲಿ ಮಂಡ್ಯದ ದನದ ವ್ಯಾಪಾರಿಯೊಬ್ಬ ಸಾತನೂರಿನ ಬಳಿ ಹೆಣವಾಗಿ ಸಿಕ್ಕಿದ್ದು ಈ ಕಡೆಯ ಯಾವ ವ್ಯಾಪಾರಿಯೂ ಮರೆತಿಲ್ಲ.

"ನಿಮ್ಮೋರು ಯಾರಾದ್ರೂ ಒಬ್ರು ಜೊತೇಲಿ ಬಂದ್ರೆ..." ಅಂದರು. ಪೂರ್ತಿ ಹೇಳಲಿಲ್ಲ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅಮ್ಮ ಹುಡುಗನ ಕಡೆ ನೋಡಿದರು. ಅವನು ಸ್ವಲ್ಪ ಹೊತ್ತು ಕಾಲಲ್ಲಿ ಮಣ್ಣು ಕೆದಕುತ್ತ ನಿಂತಿದ್ದು, ಆಮೇಲೆ ಟೆಂಪೋದ ಮುಂದಿನ ಸೀಟಿಗೆ ಹತ್ತಿದ.

"ವಾಪಸ್ ಬರಾಕೆ ಬಸ್ಸಿಗೆ ಕಾಸು ಕೊಡ್ಬೇಕು ಸಾಬ್ರೇ" ಅಂದ.